ಕಡಿಮೆ ಅಂಕ: ದೋಷ ಎಲ್ಲಿದೆ?

ನೀಟ್ ಪರೀಕ್ಷೆಯಲ್ಲಿ ಅಂಕ ಕಡಿಮೆಯಾಯಿತೆಂದೊಡನೆ ನಮ್ಮ ಮನೆಗಳಲ್ಲಿ ಮಗುವಿನ ಬುದ್ಧಿಯ ಬಗ್ಗೆಯೇ ಸಂಶಯ ಹುಟ್ಟುತ್ತದೆ. ಇನ್ನೊಂದು ವರ್ಷದ ತರಬೇತಿಗೆ ಸಾಲ ಮಾಡುವ ಮುನ್ನ, ಬರೆದ ಉತ್ತರಗಳನ್ನು ಉತ್ತರಸೂಚಿಯೊಡನೆ ತಾಳೆ ನೋಡುವುದು ಲೇಸು.

2025ರ ಪರೀಕ್ಷೆಯಲ್ಲಿ 180 ಪ್ರಶ್ನೆ, 720 ಅಂಕ. ಸರಿಯುತ್ತರಕ್ಕೆ 4 ಅಂಕ. ತಪ್ಪಿಗೆ 1 ಅಂಕ ಕಡಿತ. 90 ಸರಿ, 90 ತಪ್ಪಾದರೆ ದೊರೆಯುವುದು 270. ಆ ತಪ್ಪುಗಳಲ್ಲಿ 40ನ್ನು ತಿದ್ದಿಕೊಂಡರೆ ಅಂಕ 470ಕ್ಕೆ ಏರುತ್ತದೆ.

ತಪ್ಪುಗಳು ಮೂರು ಬಗೆ: ಪಾಠ ತಿಳಿಯದ್ದು, ಪ್ರಶ್ನೆಯ ಭಾಷೆ ತಿಳಿಯದ್ದು, ಅವಸರದಲ್ಲಿ ಆದದ್ದು. ಮೊದಲನೆಯದಕ್ಕೆ ಪಠ್ಯಪುಸ್ತಕವೇ ಮದ್ದು. ಕೊನೆಯದಕ್ಕೆ ಗಡಿಯಾರವಿಟ್ಟು ಮಾಡುವ ಅಭ್ಯಾಸ.

ಎರಡನೆಯದು ಗಡಿನಾಡಿನ ಮಕ್ಕಳ ವಿಶೇಷ ಸಂಕಷ್ಟ. 2017ರಿಂದ ಕನ್ನಡ ಪ್ರಶ್ನೆಪತ್ರಿಕೆ ಇದೆಯಾದರೂ, 2025ರ ನಿಯಮದಂತೆ ಅದು ಕರ್ನಾಟಕದ ಕೇಂದ್ರಗಳಿಗೆ ಸೀಮಿತ. ಕೇರಳದ ಕೇಂದ್ರಗಳಿಗೆ 2021ರಲ್ಲಿ ಮಲಯಾಳ ಬಂತು, ಕನ್ನಡ ಬರಲಿಲ್ಲ. ಕಾಸರಗೋಡಿನಲ್ಲಿ ಬರೆಯುವ ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷೇ ಗತಿ. ಎರಡೂ ಭಾಷೆಗಳಲ್ಲಿ ಅಚ್ಚಾದ ಕರ್ನಾಟಕದ ಹಳೆಯ ಪ್ರಶ್ನೆಪತ್ರಿಕೆಗಳನ್ನು ಸಾಲು ಸಾಲಾಗಿ ಹೋಲಿಸಿ ಓದುವುದು ಸದ್ಯದ ಪರಿಹಾರ.

ಈ ದುಡಿಮೆ ಮಕ್ಕಳು ಮಾಡಲಿ. ಕಾಸರಗೋಡಿನ ಕೇಂದ್ರಕ್ಕೂ ಕನ್ನಡ ಪತ್ರಿಕೆ ತರಿಸುವ ಹೊಣೆ ಹಿರಿಯರಾದ ನಮ್ಮದು.