ಬೋರ್ಡು ಓದಿದ್ದಕ್ಕೆ

ಅಕ್ಕ ಹೆರಿಗೆ ನೋವಿಗೆ ಕಿರುಚಿದರೆ ನರ್ಸಮ್ಮ ತೊಡೆಗೆ ಬಾರಿಸಿ, 'ಮಲಗುವಾಗ ಗೊತ್ತಿರಲಿಲ್ವಾ?' ಅಂದಳಂತೆ. ಹೆತ್ತ ಮೇಲೆ ಗಂಡಿಗೊಂದು ರೇಟು, ಹೆಣ್ಣಿಗೊಂದು ರೇಟು. ದುಡ್ಡು ಕೊಡೋತನಕ ಅವ್ವನ ಕೈಗೆ ಕೂಸು ಕೊಡಲಿಲ್ಲ.

2011ರ ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ ಹೆರಿಗೆ, ಔಷಧಿ, ಊಟ, ವಾಹನ ಎಲ್ಲಾ ಉಚಿತ. ಆ ಬೋರ್ಡು ವಾರ್ಡಿನ ಬಾಗಿಲಲ್ಲೇ ಇತ್ತು. ನಮ್ಮ ಮನೇಲಿ ಓದಬಲ್ಲವನು ನಾನೊಬ್ಬನೇ. ಓದಿ ಕೇಳಿದೆ. 'ಯಾವ ಜನ ನೀವು?' ಅಂದರು.

2022ರ ನವೆಂಬರಿನಲ್ಲಿ ತುಮಕೂರಿನ ಜಿಲ್ಲಾಸ್ಪತ್ರೆ ಆಧಾರ್, ತಾಯಿ ಕಾರ್ಡು ಇಲ್ಲವೆಂದು ಒಬ್ಬ ಬಡ ಬಸುರಿಯನ್ನು ವಾಪಸ್ ಅಟ್ಟಿತು. ಮನೆಯಲ್ಲಿ ಹೆತ್ತು ಅವಳೂ ಸತ್ತಳು, ಅವಳಿ ಕೂಸುಗಳೂ ಸತ್ತವು. ಕಾರ್ಡಿಲ್ಲದವಳು ತಾಯಿಯಲ್ಲವೇ?

ಮೇಷ್ಟ್ರೇ, ಗೆಳೆಯರೇ, ಆ ಬೋರ್ಡನ್ನು ಕೇರಿಕೇರಿಯಲ್ಲಿ ಗಟ್ಟಿಯಾಗಿ ಓದಿ. ಕೈಚಾಚಿದವರಿಗೆ ರಸೀದಿ ಕೇಳಿ. ನಮ್ಮವ್ವಂದಿರು ಕೂಸನ್ನು ಕೊಂಡು ತರೋದು ಸಾಕು.