ತಪ್ಪು ಬರೆದವರಿಗೂ ಉತ್ತರ ಸಲ್ಲಬೇಕು

ಮೈಸೂರಿನ ಒಂದು ಕಾಲೇಜಿನ ಗಣಕಯಂತ್ರಗಳ ಪ್ರಯೋಗಶಾಲೆಯಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಸಂಗತಿಯಿದು. ಮೊದಲನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಸಿ ಭಾಷೆಯಲ್ಲಿ 120 ಸಾಲುಗಳ ಒಂದು ಪ್ರೋಗ್ರಾಮನ್ನು ಬರೆದು ಕಂಪೈಲರಿಗೆ ಒಪ್ಪಿಸಿದಳು. ಒಂದು ಸರಣಿಯ ಗಾತ್ರವನ್ನು ಸೂಚಿಸಲು ಬಳಸಿದ್ದ ಹೆಸರನ್ನು ಮೊದಲೇ ಘೋಷಿಸಲು ಆಕೆ ಮರೆತಿದ್ದಳು. ‘ಈ ಹೆಸರು ನನಗೆ ತಿಳಿಯದು’ ಎಂದು ಸಾಲಿನ ಸಂಖ್ಯೆಯೊಡನೆ ತಿಳಿಸಬೇಕಾಗಿದ್ದ ಕಂಪೈಲರು ಹಾಗೆ ಮಾಡದೆ, ‘ಆಂತರಿಕ ದೋಷ’ ಎಂದಷ್ಟೇ ನುಡಿದು ತಾನೇ ಕುಸಿದುಬಿದ್ದಿತು. ಯಂತ್ರವನ್ನು ಕೆಡಿಸಿದೆನೆಂದು ಹೆದರಿದ ಆಕೆ ಬರೆದುದೆಲ್ಲವನ್ನೂ ಅಳಿಸಿ, ಮಾರನೆಯ ದಿನ ಮೊದಲಿನಿಂದ ಬರೆದಳು. ತಪ್ಪೆಲ್ಲಿದೆಯೆಂದು ಯಾರೂ ಹೇಳದಿದ್ದುದರಿಂದ ಅದೇ ತಪ್ಪು ಹೊಸ ಬರೆಹದೊಳಕ್ಕೂ ನುಸುಳಿತು. ಕಂಪೈಲರು ಮತ್ತೆ ಕುಸಿಯಿತು.

ಇದನ್ನು ಕೇಳಿದ ನಮ್ಮ ಸಹೋದ್ಯೋಗಿಯೊಬ್ಬರು, ‘ಬರೆದದ್ದೇ ತಪ್ಪು, ಕಂಪೈಲರು ಕುಸಿದರೇನು, ತಿರಸ್ಕರಿಸಿದರೇನು? ಹೇಗೂ ಪ್ರೋಗ್ರಾಮು ಓಡುವುದಿಲ್ಲವಷ್ಟೆ!’ ಎಂದರು. ಬಲ್ಲವರಲ್ಲಿಯೂ ಈ ಅಭಿಪ್ರಾಯ ಉಂಟು. ನಾವು ಇದನ್ನು ಒಪ್ಪಲಾರೆವು.

ಮನುಷ್ಯನು ಬರೆದ ಮೂಲಪಾಠವನ್ನು ಯಂತ್ರದ ಭಾಷೆಗೆ ಪರಿವರ್ತಿಸತಕ್ಕ ಪ್ರೋಗ್ರಾಮಿಗೆ ಕಂಪೈಲರ್ ಎಂದು ಹೆಸರು. ಅದು ಪಾಠವನ್ನು ಪದಗಳಾಗಿ ಬಿಡಿಸಿ, ವ್ಯಾಕರಣಕ್ಕನುಸಾರವಾಗಿ ಒಂದು ವೃಕ್ಷದಂತೆ ಜೋಡಿಸಿ, ಬಳಿಕ ಪ್ರತಿಯೊಂದು ಹೆಸರಿನ ಅರ್ಥವನ್ನೂ ಗಾತ್ರವನ್ನೂ ನಿಶ್ಚಯಿಸುತ್ತದೆ. ಅರ್ಥವಾಗದ ಹೆಸರು ಎದುರಾದಾಗ ಅದನ್ನು ತಪ್ಪೆಂದು ಬರೆದಿಟ್ಟುಕೊಂಡು, ವೃಕ್ಷದ ಆ ಸ್ಥಳದಲ್ಲಿ ‘ಇಲ್ಲಿ ದೋಷವಿದೆ’ ಎಂಬ ಗುರುತಿನ ಎಲೆಯೊಂದನ್ನಿಟ್ಟು ಮುಂದುವರಿಯುವುದು ವಾಡಿಕೆ. ಉಳಿದ ತಪ್ಪುಗಳನ್ನೂ ಒಂದೇ ಸಲಕ್ಕೆ ತಿಳಿಸಬಹುದೆಂಬುದು ಇದರ ಲಾಭ. ತೊಡಕು ಹುಟ್ಟುವುದೂ ಇಲ್ಲಿಯೇ. ಮುಂದಿನ ಹಂತವನ್ನು ರಚಿಸಿದವರು, ತಮ್ಮ ಬಳಿಗೆ ಬರುವ ಎಲೆಗಳೆಲ್ಲ ನಿರ್ದುಷ್ಟವಾದುವೆಂದು ನಂಬಿರುತ್ತಾರೆ. ಆ ಹಂತವು ದೋಷದ ಎಲೆಯನ್ನೂ ‘ನಿನ್ನ ಗಾತ್ರವೆಷ್ಟು?’ ಎಂದು ಕೇಳುತ್ತದೆ. ಅದಕ್ಕೆ ಗಾತ್ರವೆಲ್ಲಿಯದು? ಇಲ್ಲದ ಸ್ಮೃತಿಸ್ಥಾನವನ್ನು ಓದಹೊರಟು ಕಂಪೈಲರು ಕುಸಿಯುತ್ತದೆ. ನಮ್ಮ ವಿದ್ಯಾರ್ಥಿನಿಯ ಪ್ರಸಂಗದಲ್ಲಿ ತಪ್ಪುಗಳನ್ನೆಲ್ಲ ಕೊನೆಯಲ್ಲಿ ಒಟ್ಟಾಗಿ ತೋರಿಸುವ ಏರ್ಪಾಡಿದ್ದುದರಿಂದ, ಬರೆದಿಟ್ಟುಕೊಂಡ ಪಟ್ಟಿಯೂ ಕುಸಿತದೊಡನೆ ನಾಶವಾಯಿತು.

ಮೈಸೂರಿನ ವಾಚಕರಿಗೆ ಈ ಬಗೆಯ ಸಮಸ್ಯೆ ಅಪರಿಚಿತವಾಗಬೇಕಾಗಿಲ್ಲ. ಆರ್. ಶಾಮಶಾಸ್ತ್ರಿಗಳು ಓಲೆಯ ಪ್ರತಿಯಿಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಸಂಪಾದಿಸಿ 1909ರಲ್ಲಿ ಪ್ರಕಟಿಸಿದುದು ಇಂದು ಪ್ರಾಚ್ಯವಿದ್ಯಾ ಸಂಶೋಧನಾಲಯವೆನಿಸಿರುವ ನಮ್ಮೂರಿನ ಸಂಸ್ಥೆಯಲ್ಲಿ. ಹುಳು ತಿಂದ ಓಲೆಯಲ್ಲಿ ಅಕ್ಷರಗಳು ಲುಪ್ತವಾಗಿದ್ದರೆ ಸಂಪಾದಕರು ಅಲ್ಲಿ ಚುಕ್ಕೆಗಳನ್ನಿಟ್ಟು ಮುಂದೆ ಓದುವರು. ಆ ಚುಕ್ಕೆಗಳನ್ನೇ ಪದವೆಂದು ಭ್ರಮಿಸಿ ಅದರ ವಿಭಕ್ತಿ ಯಾವುದೆಂದು ಕೇಳುವ ಶಿಷ್ಯನಂತೆ, ಕುಸಿಯುವ ಕಂಪೈಲರು ವರ್ತಿಸುತ್ತದೆ.

ಯಾವ ಪಾಠವನ್ನು ಕೊಟ್ಟರೂ ಸರಿಯೆ, ಕಂಪೈಲರು ಕುಸಿದರೆ ಅದು ಕಂಪೈಲರಿನದೇ ದೋಷವೆಂದು ಜಿ.ಸಿ.ಸಿ. ಎಂಬ ಪ್ರಸಿದ್ಧ ಕಂಪೈಲರಿನ ಕೈಪಿಡಿ ಸ್ಪಷ್ಟವಾಗಿ ಹೇಳುತ್ತದೆ. ಅಸಿಂಧು ಪಾಠದಿಂದುಂಟಾದ ಕುಸಿತಗಳಿಗೆ ಅದರ ದೋಷದಾಖಲೆಯಲ್ಲಿ ಪ್ರತ್ಯೇಕ ಗುರುತುಪದವೇ ಇದೆ. ಇಷ್ಟಿದ್ದರೂ, ಬಿಡುಗಡೆಯಾದ ಆವೃತ್ತಿಗಳಲ್ಲಿ ಒಂದು ತಪ್ಪನ್ನು ವರದಿಮಾಡಿದ ಬಳಿಕ ಕುಸಿತವುಂಟಾದರೆ, ಹಿಂದಿನ ತಪ್ಪುಗಳಿಂದ ತನಗೆ ಗೊಂದಲವಾಗಿದೆಯೆಂದು ಹೇಳಿ ಅದು ಕೆಲಸವನ್ನು ನಿಲ್ಲಿಸುವುದುಂಟು. ಮೊದಲನೆಯ ತಪ್ಪನ್ನಾದರೂ ತಿಳಿಸಿತಲ್ಲ ಎಂದು ಬಳಕೆದಾರನು ಸಮಾಧಾನಪಡಬಹುದು. ಆದರೆ ಒಳಗಿನ ದೋಷವು ರಚಿಸಿದವರ ಕಣ್ಣಿಗೂ ಬೀಳದೆ ಉಳಿಯುವುದಕ್ಕೆ ಇದೂ ಒಂದು ಕಾರಣವೆಂದು ನಮ್ಮ ಎಣಿಕೆ.

ನಮ್ಮ ಸಹೋದ್ಯೋಗಿಯ ವಾದ ಈಗ ಇನ್ನಷ್ಟು ದುರ್ಬಲವಾಗಿದೆ. ಕ್ಲ್ಯಾಂಗ್ ಕಂಪೈಲರನ್ನು ಆಧರಿಸಿದ ಕ್ಲ್ಯಾಂಗ್‌ಡಿಯಂತಹ ಸಾಧನಗಳು, ಪ್ರೋಗ್ರಾಮನ್ನು ಬರೆಯುತ್ತಿರುವಾಗಲೇ ಅದನ್ನು ಮತ್ತೆ ಮತ್ತೆ ಪರಿಶೀಲಿಸಿ ಸಲಹೆ ಕೊಡುತ್ತವೆ. ಅರ್ಧ ಬರೆದ ವಾಕ್ಯವು ಅಸಿಂಧುವಲ್ಲದೆ ಮತ್ತೇನು? ಹಾಗಿರಲು, ತಪ್ಪು ಪಾಠವನ್ನು ಅಪರೂಪದ ಅತಿಥಿಯೆಂದು ಭಾವಿಸುವಂತಿಲ್ಲ. ಕಂಪೈಲರಿನ ಮನೆಯ ನಿತ್ಯದ ಊಟದವನೇ ಅವನು.

ದುರಸ್ತಿಯಲ್ಲಿಯೂ ಎರಡು ಬಗೆಯುಂಟು. ಕುಸಿದ ಸ್ಥಳದಲ್ಲಿ ‘ದೋಷದ ಎಲೆಯಾದರೆ ಹಿಂದಿರುಗು’ ಎಂದು ಒಂದು ಸಾಲನ್ನು ಸೇರಿಸಿದರೆ ಅಂದಿನ ಕೆಲಸ ತೀರಿತು. ಇದು ಸೋರುವ ಹೆಂಚಿನ ಮನೆಯಲ್ಲಿ ಹನಿ ಬಿದ್ದೆಡೆ ಪಾತ್ರೆಯಿಟ್ಟಂತೆ. ನಾಳೆ ಇನ್ನೊಂದೆಡೆ ಸೋರುವುದು. ದೋಷದ ಎಲೆ ಅಷ್ಟು ದೂರ ಹೇಗೆ ಬಂದಿತೆಂದು ಹಿಂದಕ್ಕೆ ಹುಡುಕಿ, ಸರಣಿಯ ಘೋಷಣೆಯನ್ನೇ ಹುಟ್ಟಿದಲ್ಲಿ ದೋಷಯುಕ್ತವೆಂದು ಗುರುತಿಸಿದರೆ, ಗಾತ್ರವನ್ನು ಕೇಳುವ ಎಲ್ಲ ಸ್ಥಳಗಳೂ ಕ್ಷೇಮ. ಇದಕ್ಕೆ ದಿನಗಳು ಬೇಕು. ಸರಿಯಾದ ಪ್ರೋಗ್ರಾಮುಗಳಿಗೆ ಬಾಧೆ ತಟ್ಟದಂತೆಯೂ ನೋಡಿಕೊಳ್ಳಬೇಕು. ಆದರೂ ನಾವು ಎರಡನೆಯ ಪಕ್ಷದವರು.

ಆ ವಿದ್ಯಾರ್ಥಿನಿಯನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಒಂದೊಂದೇ ಸಾಲನ್ನು ತೆಗೆಯುತ್ತ, ಕುಸಿತ ಉಳಿದಿದೆಯೇ ಎಂದು ಪ್ರತಿಸಲವೂ ನೋಡುತ್ತ, 120 ಸಾಲುಗಳನ್ನು 4ಕ್ಕೆ ಇಳಿಸಿದೆವು. ಎರಡು ಸಂಜೆಗಳು ಹಿಡಿದುವು. (ಇದನ್ನು ತಾನಾಗಿಯೇ ಮಾಡುವ ಸಿ-ರೆಡ್ಯೂಸ್ ಎಂಬ ಸಾಧನವುಂಟೆಂದು ಆಗ ನಮಗೆ ತಿಳಿದಿದ್ದರೆ!) ಆ ಸಾಲುಗಳನ್ನು ಕಂಪೈಲರಿನ ರಚನಕಾರರಿಗೆ ಕಳುಹಿಸಿದೆವು. ದುರಸ್ತಿಯಾದ ಮೇಲೆ ಅವು ಪರೀಕ್ಷಾಪಾಠಗಳ ಸಂಗ್ರಹಕ್ಕೆ ಸೇರಿದುವು. ಹೊಸ ಆವೃತ್ತಿ ಹೊರಡುವ ಮುನ್ನ, ಸರಿಯಾದ ಸಾಲಿನಲ್ಲಿ ಸರಿಯಾದ ತಪ್ಪು ವರದಿಯಾಗುವುದೇ ಎಂದು ಅವುಗಳಿಂದ ಪರೀಕ್ಷಿಸುತ್ತಾರೆ. ಆಕೆ ಮರೆತ ಹೆಸರು ಅಲ್ಲಿ ಇಂದಿಗೂ ಘೋಷಿತವಾಗಿಲ್ಲ. ಇದನ್ನು ತಿದ್ದಕೂಡದೆಂಬ ಟಿಪ್ಪಣಿಯೊಂದು ಅದರ ಪಕ್ಕದಲ್ಲಿದೆ.