ಚಾರಣಕ್ಕೊಂದು ಬಿಡುವಿನ ದಿನ

ಸುಬ್ರಹ್ಮಣ್ಯಪುರ, ಬನಶಂಕರಿ, ಜಯನಗರ ಮೊದಲಾದ ದಕ್ಷಿಣ ಬೆಂಗಳೂರಿನ ಬಡಾವಣೆಗಳ ತರುಣರು ರಜೆ ಬಂದೊಡನೆ ಬೆನ್ನಿಗೆ ಚೀಲವೇರಿಸಿ ಮಲೆನಾಡಿಗೂ ಹಿಮಾಲಯಕ್ಕೂ ಹೊರಡುವುದು ಸಂತೋಷದ ಸಂಗತಿ. ಆದರೆ ಹಲವು ದಿನಗಳ ಚಾರಣವನ್ನು ಯೋಜಿಸುವ ನಮ್ಮ ಕ್ರಮದಲ್ಲಿ ಒಂದು ದೊಡ್ಡ ಕೊರತೆಯುಂಟು. ಬುತ್ತಿಯ ಲೆಕ್ಕವಿರುತ್ತದೆ, ರೈಲು ಬಸ್ಸುಗಳ ಲೆಕ್ಕವಿರುತ್ತದೆ. ಕೆಟ್ಟ ಹವೆಗೆಂದು ಮೀಸಲಿಟ್ಟ ದಿನ ಮಾತ್ರ ಇರುವುದಿಲ್ಲ.

2024ರ ಜೂನ್ ತಿಂಗಳಲ್ಲಿ ಉತ್ತರಾಖಂಡದ ಸಹಸ್ರತಾಲ್ ಪ್ರದೇಶದಲ್ಲಿ 22 ಮಂದಿಯ ತಂಡವೊಂದು ಹಿಮಬಿರುಗಾಳಿಗೆ ಸಿಲುಕಿತು. 13 ಮಂದಿ ಬದುಕಿ ಬಂದರು. ಕರ್ನಾಟಕದಿಂದ ಹೋಗಿದ್ದ 9 ಮಂದಿ ಮರಳಲಿಲ್ಲ. ಆ ದುರಂತದ ಹೊಣೆ ಯಾರದೆಂದು ವಿಚಾರಿಸುವುದು ನಮ್ಮ ಉದ್ದೇಶವಲ್ಲ. ಅಂತಹ ಎಡೆಯಲ್ಲಿ ಪ್ರಕೃತಿಯು ಹೇಗೆ ವರ್ತಿಸುತ್ತದೆಂಬುದನ್ನು ವಿದ್ಯಾರ್ಥಿಗಳು ಅರಿಯಬೇಕು.

ಮೇಲೇರಿದಂತೆಲ್ಲ ಪ್ರತಿ 1,000 ಮೀಟರಿಗೆ ಉಷ್ಣತೆಯು ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಬೆಂಗಳೂರಿಗಿಂತ 3,500 ಮೀಟರ್ ಎತ್ತರದ ಜಾಗದಲ್ಲಿ ಎತ್ತರವೊಂದರಿಂದಲೇ ಸುಮಾರು 23 ಡಿಗ್ರಿಗಳ ವ್ಯತ್ಯಾಸ ಬರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುವುದರಿಂದ, ಒದ್ದೆ ಬಟ್ಟೆಯು ಮೈಯ ಬಿಸಿಯನ್ನು ಬಲುಬೇಗ ಹೀರುತ್ತದೆ. ದೇಹದ ಒಳಗಿನ ಉಷ್ಣತೆಯು 35 ಡಿಗ್ರಿಗಿಂತ ಕೆಳಗಿಳಿದರೆ ಪ್ರಾಣಾಪಾಯವು ಆರಂಭವಾಗುತ್ತದೆ, ವಿವೇಚನೆಯೂ ಮಂಕಾಗುತ್ತದೆ. ಎಂದರೆ, ಸರಿಯಾದ ನಿರ್ಧಾರ ಅತ್ಯಗತ್ಯವಾದ ಗಳಿಗೆಯಲ್ಲೇ ಬುದ್ಧಿ ಕೈಕೊಡುತ್ತದೆ.

ನಮ್ಮ ಪಶ್ಚಿಮಘಟ್ಟದಲ್ಲಿ ಹಿಮವಿಲ್ಲವಾದರೂ ಅಪಾಯವಿದೆ. ಅರಬ್ಬೀ ಸಮುದ್ರದ ತೇವದ ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ತಣಿಯುತ್ತದೆ, ಮಳೆಯಾಗಿ ಸುರಿಯುತ್ತದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 1,000 ಮಿಲಿಮೀಟರ್ ಮಳೆಯಾದರೆ ಆಗುಂಬೆಯಲ್ಲಿ 7,000ಕ್ಕೂ ಹೆಚ್ಚು. ಬೆಳಿಗ್ಗೆ ಮೊಣಕಾಲುದ್ದವಿದ್ದ ಹಳ್ಳವು ಸಂಜೆಗೆ ದಾಟಲಾಗದಂತೆ ಉಕ್ಕಬಹುದು. ಆಗ ನೀರಿಳಿಯುವವರೆಗೆ ಕಾಯುವುದೇ ಉಪಾಯ. ಕಾಯಲು ದಿನವಿಲ್ಲದವನು ಹಳ್ಳಕ್ಕಿಳಿಯುತ್ತಾನೆ.

ಹವಾಮಾನ ಇಲಾಖೆಯ ಮುನ್ಸೂಚನೆಯಿದೆಯಲ್ಲ ಎಂದು ಕೆಲವರು ಕೇಳಬಹುದು. ಅದನ್ನು ನೋಡದೆ ಹೊರಡಲೇಬಾರದು. ಆದರೆ ದಿನಗಳು ದೂರವಾದಷ್ಟೂ ಮುನ್ಸೂಚನೆಯ ನಿಖರತೆ ಕುಂದುತ್ತದೆ. ಕಾಡಿನೊಳಗೆ ದೂರವಾಣಿಯೂ ಮೂಕವಾಗಬಹುದು. ಅಲ್ಲಿ ವಾಯುಭಾರದಿಂದ ಕೆಲಸಮಾಡುವ ಎತ್ತರಮಾಪಕವೇ ನೆರವು. ರಾತ್ರಿಯೆಲ್ಲ ಒಂದೇ ಬಿಡಾರದಲ್ಲಿದ್ದರೂ ಬೆಳಿಗ್ಗೆ ಅದು 50-60 ಮೀಟರ್ ಹೆಚ್ಚಿನ ಎತ್ತರವನ್ನು ತೋರಿಸಿದರೆ, ಏರಿದವರು ನಾವಲ್ಲ, ಇಳಿದದ್ದು ವಾಯುಭಾರ. ಅದು ಕೆಟ್ಟ ಹವೆಯ ಸೂಚನೆ.

ಬಿಡುವಿನ ದಿನಕ್ಕೆ ಹಣವೂ ರಜೆಯೂ ಬೇಕೆಂಬ ಆಕ್ಷೇಪ ನ್ಯಾಯವಾದುದೇ. ಹಾಗಾದರೆ ದಾರಿಯನ್ನು ಕಡಿಮೆ ಮಾಡಿಕೊಳ್ಳೋಣ. ಐದು ದಿನಗಳ ರಜೆಯಲ್ಲಿ ನಾಲ್ಕು ದಿನಗಳ ಚಾರಣವನ್ನು ಮಾಡೋಣ. ಅರ್ಧದಾರಿಯಿಂದ ಮರಳುವುದು ಸೋಲೆಂಬ ಭಾವನೆ ಮೊದಲು ತೊಲಗಬೇಕು. ಎಷ್ಟು ಹೊತ್ತಿಗೆ, ಯಾವ ಸ್ಥಿತಿಯಲ್ಲಿ ಹಿಂದಿರುಗಬೇಕೆಂಬುದನ್ನು ಮನೆಯಲ್ಲಿ ಬೆಚ್ಚಗೆ ಕುಳಿತಿರುವಾಗಲೇ ಬರೆದಿಡಬೇಕು. ಬೆಟ್ಟದ ಮೇಲೆ ನಾಯಕನೂ ಅದನ್ನು ಮೀರಕೂಡದು.

ಕಾಲೇಜುಗಳ ಚಾರಣ ಸಂಘಗಳಿಗೆ ನಮ್ಮ ಸೂಚನೆ ಇಷ್ಟೆ: ಯಾವ ಯೋಜನೆಯಲ್ಲಿ ಬಿಡುವಿನ ದಿನವೂ ಹಿಂದಿರುಗುವ ಹೊತ್ತೂ ನಮೂದಾಗಿಲ್ಲವೋ, ಅದಕ್ಕೆ ಅಧ್ಯಾಪಕರು ಸಹಿ ಹಾಕಬಾರದು.